ಬಿಂದಿಗೆಯ ಮುಂದೆ ಬರೆದ ನಿಯಮಗಳು

"ನನ್ನ ಸಭೆಯಲ್ಲಿ ಇದುವರೆಗೆ ಯಾರಿಗೂ ಅವಮಾನವಾಗಿಲ್ಲ. ಆಗಿದ್ದರೆ ಯಾರಾದರೂ ಬಾಯಿ ಬಿಡುತ್ತಿರಲಿಲ್ಲವೇ?" ಎಂದರು ಗೋವರ್ಧನ ದೀಕ್ಷಿತರು.

ಹಾಲುಗಲ್ಲು ಸಂಸ್ಥಾನದ ವಿದ್ವತ್ಸಭೆಗೆ ಅವರೇ ಅಧ್ಯಕ್ಷರು. ಆ ಸಭೆಯಲ್ಲಿ ಬಾಯಿ ಬಿಡಲು ಅವರ ಅಪ್ಪಣೆ ಬೇಕಿತ್ತು.

ದೊರೆ ದಾನಪ್ಪನಾಯಕನಿಗೆ ಸಮಾಧಾನವಾಗಲಿಲ್ಲ. ಹಿಂದಿನ ವಾರ ನೆರೆರಾಜ್ಯದ ಪಂಡಿತನೊಬ್ಬ ಮಾತಿನ ಮಧ್ಯದಲ್ಲೇ ಎದ್ದು, ಚಪ್ಪಲಿಯನ್ನೂ ಮರೆತು ಊರು ಬಿಟ್ಟಿದ್ದ. ಚಪ್ಪಲಿ ಕಳಿಸಿಕೊಡಿ ಎಂದು ಬಂದ ಓಲೆಯಲ್ಲಿ ಅಲ್ಲಿನ ರಾಜ ಒಂದು ಸಾಲು ಸೇರಿಸಿದ್ದ: "ನೀವು ಸಾಕಿರುವುದು ವಿದ್ವಾಂಸರನ್ನೋ, ಕಾದಾಡುವ ಅಂಕದ ಕೋಳಿಗಳನ್ನೋ?"

"ನಾಳೆಯೊಳಗೆ ಸಭೆಗೆ ನಡವಳಿಕೆಯ ನಿಯಮ ಬೇಕು," ಎಂದ ದೊರೆ. "ಯಾರು ಬರೆಯುತ್ತೀರಿ?"

"ನಾನೇ," ಎಂದರು ದೀಕ್ಷಿತರು. ಕುರಿ ಕಾಯಲು ತೋಳ ಇಷ್ಟು ಚುರುಕಾಗಿ ಮುಂದೆ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದ ನೇಮವ್ವ ತಲೆ ತಗ್ಗಿಸಿದಳು. ದಡದಲ್ಲಿ ನಿಂತೇ ಕೆರೆಯ ನೀರನ್ನು ಅಳೆಯುವ ಗಣಿತದ ಮೇಲೆ ಅವಳು ಗ್ರಂಥ ಬರೆದಿದ್ದಳು. ಓದಲು ಎದ್ದಾಗಲೆಲ್ಲ ದೀಕ್ಷಿತರು ಅವಳ ಗಡಿನಾಡಿನ ಮಾತನ್ನು ಅಣಕಿಸುತ್ತಿದ್ದರು, ಮುಂದಿನ ಸಾಲು ನಗುತ್ತಿತ್ತು, ಹೊತ್ತು ಮುಗಿಯುತ್ತಿತ್ತು. ನಾಳೆ ಈ ವರ್ಷದ ಸಭೆಯ ಕೊನೆಯ ದಿನ. ನಾಳೆಯೂ ಓದಲಾಗದಿದ್ದರೆ ಪಾಠಶಾಲೆಯ ಗಣಿತದ ಹುದ್ದೆ ದೀಕ್ಷಿತರ ಅಳಿಯನಿಗೆ. ಅಳಿಯನಿಗೆ ಗಣಿತ ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಕೇಳಲು ಅಪ್ಪಣೆ ಬೇಕಿತ್ತಲ್ಲ.

ಆಸ್ಥಾನದ ಜಟ್ಟಪ್ಪ ಆಕಳಿಸುತ್ತ ಎದ್ದ. ಅವನಿಗೆ ಅಲ್ಲಿ ಗೊತ್ತಾದ ಕೆಲಸವಿರಲಿಲ್ಲ. ಬೇರೆಯವರು ಕೆಡಿಸಿದ್ದನ್ನು ಸರಿಮಾಡುವುದರಲ್ಲೇ ದಿನ ಕಳೆಯುತ್ತಿತ್ತು.

"ದೀಕ್ಷಿತರೇ, ಒಂದು ಅನುಮಾನ. ಮುಂದಿನ ಸಾಲಿಗೆ ಮೆತ್ತೆ, ಹಿಂದಿನ ಸಾಲಿಗೆ ಬರೀ ನೆಲ. ಸಭೆಯಲ್ಲಿ ಮೇಲು ಕೀಳು ಇದೆಯೇ?"

"ಛೆ! ಸರಸ್ವತಿಯ ಮನೆಯಲ್ಲಿ ಎಲ್ಲ ಜಾಗವೂ ಒಂದೇ," ಎಂದರು ದೀಕ್ಷಿತರು, ಎರಡನೆಯ ಮೆತ್ತೆಯನ್ನು ಬೆನ್ನಿಗಿಟ್ಟುಕೊಳ್ಳುತ್ತ.

"ಅಷ್ಟೇ ಸಾಕು," ಎಂದು ಜಟ್ಟಪ್ಪ ಕೂತ.

ಮರುದಿನ ದೀಕ್ಷಿತರು ನಿಯಮ ಓದಿದರು. ಮುಂದಿನ ಸಾಲಿನವರು ಯಾವಾಗ ಬೇಕಾದರೂ ಮಾತಾಡಬಹುದು. ಹಿಂದಿನವರು ಕೇಳಿದಾಗ ಮಾತ್ರ, ಅದೂ ನಿಂತುಕೊಂಡು. ಹಿಂದಿನವರು ತಪ್ಪಿದರೆ ಮುಂದಿನವರು ನಗಬಹುದು. ನಗೆಗೆ ಗುರಿಯಾದವರು ಬೇಸರಪಡಬಾರದು. ಮುಂದಿನ ಸಾಲಿನ ಮೇಲೆ ದೂರಿದ್ದರೆ ಅದನ್ನು ಮುಂದಿನ ಸಾಲಿಗೇ ಸಲ್ಲಿಸತಕ್ಕದ್ದು.

ದೊರೆ ಹಣೆ ಒತ್ತಿಕೊಂಡ. ಜಟ್ಟಪ್ಪ ಚಪ್ಪಾಳೆ ತಟ್ಟಿದ.

"ಭೇಷ್! ಒಂದಕ್ಷರವೂ ಬದಲಾಗಬಾರದು. ಮುದ್ರೆ ಒತ್ತಿಬಿಡಿ ಪ್ರಭು. ಆಮೇಲೆ ಜಾಗಕ್ಕೆ ಚೀಟಿ ಎತ್ತೋಣ."

"ಚೀಟಿಯೇ? ಏನಯ್ಯಾ ಅದು?" ದೀಕ್ಷಿತರ ಮೆತ್ತೆ ಜಾರಿತು.

ಬಾಯಿಗೆ ಬಟ್ಟೆ ಕಟ್ಟಿದ ತಾಮ್ರದ ಬಿಂದಿಗೆಯೊಂದನ್ನು ಜಟ್ಟಪ್ಪ ನಡುವೆ ತಂದಿಟ್ಟ. "ಎಲ್ಲ ಜಾಗವೂ ಒಂದೇ ಅಂದಿರಲ್ಲ. ಮುದ್ರೆ ಬಿದ್ದ ಮೇಲೆ ಒಬ್ಬೊಬ್ಬರೇ ಕೈಹಾಕಿ ಚೀಟಿ ಎತ್ತುವುದು. ಬಂದ ಜಾಗ ಬದುಕಿರುವವರೆಗೆ. ಮೊದಲ ಗೌರವ ತಮ್ಮದೇ."

ದೀಕ್ಷಿತರು ಬಿಂದಿಗೆ ನೋಡಿದರು. ಕಂಬ ನೋಡಿದರು. ಕಂಬದಾಚೆ ರಾಶಿ ಬಿದ್ದ ಚಪ್ಪಲಿಗಳನ್ನೂ ನೋಡಿದರು.

"ಪ್ರಭು, ಒಂದು ಸಣ್ಣ ತಿದ್ದುಪಡಿ. ಹಿಂದಿನವರೂ ಕೂತೇ ಮಾತಾಡಲಿ. ಮಂಡಿನೋವು ಯಾರಿಗಿಲ್ಲ?"

"ಆಗಲಿ."

"ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಉಚ್ಚಾರಣೆಗೆ ನಗಬಾರದು. ನನಗೂ ಎರಡು ಹಲ್ಲು ಬಿದ್ದಿವೆ."

"ಬರೆದುಕೊಳ್ಳಿ," ಎಂದ ದೊರೆ.

"ದೂರನ್ನು, ಯಾರ ಮೇಲೆ ದೂರಿದೆಯೋ ಅವರೇ ವಿಚಾರಿಸಬಾರದು. ಮತ್ತೆ... ಒಬ್ಬರ ಮಾತನ್ನು ಖಂಡಿಸುವ ಮೊದಲು, ಅವರು ಹೇಳಿದ್ದೇನು ಎಂಬುದನ್ನು ಅವರೇ ಹೌದೆನ್ನುವಂತೆ ತಿರುಗಿ ಹೇಳಬೇಕು. ಇಲ್ಲವಾದರೆ ಮುಂದಿನವರು ತಿರುಚಿಬಿಡುತ್ತಾರೆ."

"ಹಾಗೆಲ್ಲ ಮಾಡುತ್ತಾರೆಯೇ?" ಎಂದ ಜಟ್ಟಪ್ಪ, ಕಣ್ಣರಳಿಸಿ.

"ಮಾಡುತ್ತಾರೆ. ನನಗೆ ಗೊತ್ತು."

"ತಮಗೆ ಗೊತ್ತಿರಲೇಬೇಕು."

ಎಲ್ಲರಿಗೂ ಮೆತ್ತೆ ಎಂಬುದೂ ಸೇರಿದ ಮೇಲೆ ದೊರೆ ಮುದ್ರೆ ಒತ್ತಿದ. ದೀಕ್ಷಿತರು ಬಟ್ಟೆ ಸರಿಸಿ, ಕಣ್ಣುಮುಚ್ಚಿ ಬಿಂದಿಗೆಗೆ ಕೈಹಾಕಿದರು. ಮೊಣಕೈವರೆಗೂ ಹಾಕಿದರು. ತಳ ತಡಕಿದರು.

"ಇದರಲ್ಲಿ ಏನೂ ಇಲ್ಲ!"

"ಇಲ್ಲ," ಎಂದ ಜಟ್ಟಪ್ಪ. "ತಾವು ಕೂತಲ್ಲೇ ಕೂತಿರಿ."

"ಮೋಸ! ಈ ನಿಯಮಗಳು ನಡೆಯುವುದಿಲ್ಲ!"

"ಯಾವ ನಿಯಮ ಅನ್ಯಾಯದ್ದು ಹೇಳಿ. ಬರೆಸಿದವರು ಯಾರೋ, ಅವರನ್ನು ಹಿಡಿದು ಕೇಳೋಣ."

ದೀಕ್ಷಿತರು ಜಾರಿದ ಮೆತ್ತೆಯನ್ನು ಎಳೆದು ಬೆನ್ನಿಗಿಟ್ಟುಕೊಂಡರು. ಅಷ್ಟರಲ್ಲಿ ನೇಮವ್ವ ಓಲೆಗರಿ ಬಿಚ್ಚಿ ಓದತೊಡಗಿದ್ದಳು. ಓದು ಮುಗಿಯಿತು. ಯಾರೂ ನಗಲಿಲ್ಲ. ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಮುಂದಿನ ಸಾಲಿಗೆ ಕಷ್ಟವಾಯಿತು.

"ಎಲ್ಲ ತಪ್ಪು!" ಎಂದರು ದೀಕ್ಷಿತರು.

"ನಾ ಏನ್ ಹೇಳೀನಿ ಅಂತ ಮೊದಲು ಹೇಳ್ರಿ," ಎಂದಳು ನೇಮವ್ವ.

ದೀಕ್ಷಿತರು ಕೇಳಿಸಿಕೊಂಡಿದ್ದರೆ ತಾನೇ?

"ಇನ್ನೊಮ್ಮೆ ಹೇಳು," ಎಂದವರು ದೊರೆಯ ಮುಖ ನೋಡಿ, "ಹೇಳಿ," ಎಂದು ತಿದ್ದಿಕೊಂಡರು.

ಎರಡನೆಯ ಸಲ ಕೇಳಿದಾಗ ಅವರ ಹುಬ್ಬು ಮೇಲೇರಿತು. ಮೂರನೆಯ ಸಲ ಕೇಳಿದ ಮೇಲೆ ತಿರುಗಿ ಹೇಳಿದರು, ಅವಳು ಹೌದೆಂದಳು. "ಸರಿ," ಎಂದ ದೊರೆ, "ಈಗ ಖಂಡಿಸಿ."

"ಖಂಡಿಸಲು... ಏನೂ ಉಳಿದಿಲ್ಲ ಪ್ರಭು," ಎಂದರು ದೀಕ್ಷಿತರು. ಹುದ್ದೆ ನೇಮವ್ವನದಾಯಿತು. ಅಳಿಯ ಮಾವನ ಮನೆಯಲ್ಲೇ ಉಳಿದ.

ದೊರೆ ಹೊಟ್ಟೆ ಹಿಡಿದು ನಕ್ಕ. "ಇಷ್ಟು ವರ್ಷ ಇವರಿಂದ ಒಂದು ಹನಿ ಸೌಜನ್ಯ ಹೊರಬಂದಿರಲಿಲ್ಲವಲ್ಲೋ ಜಟ್ಟಪ್ಪ!"

"ತುಂಬಿದ ಕೊಡ ತುಳುಕುವುದಿಲ್ಲ ಪ್ರಭು. ಅದಕ್ಕೇ ಪಕ್ಕದಲ್ಲಿ ಖಾಲಿ ಕೊಡ ಇಟ್ಟೆ."

ದೊರೆ ಕೊರಳಿನ ಹಾರ ತೆಗೆದು ಅವನ ಕೈಗಿತ್ತ. "ಈ ಬಿಂದಿಗೆ ನನಗಿರಲಿ. ನಾಳೆಯಿಂದ ನಾನು ಕಾನೂನು ಬರೆಸುವಾಗಲೂ ಸಿಂಹಾಸನದ ಪಕ್ಕದಲ್ಲಿ ಇರಲಿ."

"ಇಡಬಹುದು ಪ್ರಭು," ಎಂದು ಜಟ್ಟಪ್ಪ ಹಾರವನ್ನು ಭದ್ರವಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡ. "ಆದರೆ ಆಗ ಅದು ಖಾಲಿ ಇರಬಾರದು. ಚೀಟಿ ನಿಜವಾಗಿಯೂ ಇರಬೇಕು."

ದೊರೆಯ ನಗು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ನಕ್ಕ, ಸ್ವಲ್ಪ ಮೆಲ್ಲಗೆ.