ಗಂಟೆ ಬಾರಿಸದ ಭಾನುವಾರ

ಶನಿವಾರ ಸಂಜೆ ಚರ್ಚಿನ ಗಂಟೆ ಬಾರಿಸುವ ಲೇಯಮ್ಮನನ್ನು ಸಭಾಹಿರಿಯ ಕುಂದರ್ ಸಾಹುಕಾರರು ಕರೆಸಿದರು. "ಯಾರಿಗೆ ರಕ್ಷಣೆ ಅಂತ ದೇವರು ಮೊದಲೇ ಆರಿಸಿಟ್ಟಿದ್ದಾನೆ. ಆರಿಸಿದವರು ಕರೆಯದೆಯೇ ಬರ್ತಾರೆ. ಗಂಟೆ ಹೊಡೆದು ಮೀನುಗಾರರ ಕೇರಿಯನ್ನೆಲ್ಲ ಯಾಕೆ ಕರೀತೀ? ನಾಳೆಯಿಂದ ಬೇಡ."

"ಆಗಲಿ ಧಣಿ," ಅಂದಳು ಲೇಯಮ್ಮ. ಗಂಟೆ ಕೇಳಿದ ಮೇಲೇ ಧಣಿಗಳು ಹಾಸಿಗೆ ಬಿಡುವುದೆಂದು ಅವಳಿಗೆ ಗೊತ್ತಿತ್ತು.

ಮರುದಿನ ಅವಳು ಹಗ್ಗ ಮುಟ್ಟಲಿಲ್ಲ. ಕೋಳಿಗಿಂತ ಮೊದಲೇ ಏಳುವ ಮೀನುಗಾರರು ಎಂದಿನಂತೆ ಬಂದರು, ಹಾಡಿದರು, ಪ್ರಾರ್ಥಿಸಿ ಮನೆಗೆ ಹೊರಟರು. ಆಗ ಸಾಹುಕಾರರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಓಡಿಬಂದರು.

"ಆರಾಧನೆ ಮುಗೀತಾ?"

"ಮುಗೀತು ಧಣಿ. ದೇವರು ಆರಿಸಿದವರೆಲ್ಲ ಬಂದು ಹೋದರು."

ಸಾಹುಕಾರರು ಖಾಲಿ ಬೆಂಚುಗಳನ್ನು ನೋಡಿದರು, ಹಗ್ಗವನ್ನೂ ನೋಡಿದರು. "ಮುಂದಿನ ವಾರ ಬಾರಿಸು."

"ಯಾರಿಗೆ ಧಣಿ?"

"ಎಲ್ಲರಿಗೂ," ಅಂದರು ಮೆಲ್ಲಗೆ. "ನಮ್ಮ ಮನೆಯವರೆಗೂ ಕೇಳಿಸಲಿ."