ಹೊಳೆ ದಾಟುವ ದನಿಯ ಶಾವಂತ್ರೆವ್ವ

ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಬಂದಿರದ ಕಾಲದಲ್ಲಿ, ಹೊಳೆನಾಗೂರು ಅನ್ನುವ ಒಂದು ಊರಿತ್ತು. ಯಾವ ವರ್ಷ ಅಂತ ಕೇಳಿದರೆ ಹೇಳುವವರು ಯಾರೂ ಇಲ್ಲ. ಆ ಊರಲ್ಲಿ ಅಂಬಿಗರ ದುರಗಪ್ಪ ಅಂತ ಒಬ್ಬ ಹರಗೋಲು ಹಾಕುವವನಿದ್ದ. ಅವನಿಗೆ ಒಬ್ಬಳೇ ಮಗಳು. ಅವಳೇ ಶಾವಂತ್ರೆವ್ವ.

ತಾಯಿಯಿಲ್ಲದ ಮಗಳು ಅಪ್ಪನ ಹರಗೋಲಿನಲ್ಲೇ ಬೆಳೆದಳು. ದುರಗಪ್ಪನಿಗೆ ಕಿವಿ ಮಂದ. ಅವನು ಆಚೆ ದಂಡೆಯಲ್ಲಿದ್ದಾಗ ಈಚೆ ದಂಡೆಗೆ ಜನ ಬಂದು ನಿಂತರೆ, ಅವನನ್ನು ಕೂಗಿ ಕರೆಯುವ ಕೆಲಸ ಮಗಳದು. ಬೇರೆಯವರು ಗಂಟಲು ಹರಿದುಕೊಂಡರೂ ತಿರುಗಿ ನೋಡದ ದುರಗಪ್ಪ, ಶಾವಂತ್ರೆವ್ವ ಒಮ್ಮೆ ‘ಯಪ್ಪಾ’ ಅಂದರೆ ಹುಟ್ಟು ಎತ್ತುತ್ತಿದ್ದನಂತೆ. ಅವಳು ಕಿರುಚುತ್ತಿರಲಿಲ್ಲ. ದನಿ ನೀರಿನ ಮೇಲೆ ಜಾರಿಕೊಂಡು ಹೋಗಿ, ಆಚೆ ದಂಡೆಯಲ್ಲಿ ಎದುರಿಗೆ ನಿಂತು ಮಾತಾಡಿಸುತ್ತಿತ್ತು. ಹೊಳೆ ತುಂಬಿ ಭೋರ್ಗರೆಯುವಾಗಲೂ ಆ ದನಿ ಒದ್ದೆಯಾಗದೆ ದಾಟುತ್ತಿತ್ತು ಅಂತಾರೆ.

ಒಂದು ಬೇಸಿಗೆಯಲ್ಲಿ ಆಚೆ ದಂಡೆಯ ಪೇಟೆಗೆ ನಾಟಕದ ಕಂಪನಿ ಬಂತು. ಮಾಲೀಕ ಕಳಕಪ್ಪ ಮಾಸ್ತರ. ದೊಡ್ಡ ಹೊಟ್ಟೆ, ದೊಡ್ಡ ಮೀಸೆ, ಬೇಗ ಕಣ್ಣೀರು ತುಂಬುವ ಕಣ್ಣು. ಪರದೆಗಳ ಸುರುಳಿ, ಟ್ರಂಕು, ಹಾರ್ಮೋನಿಯಂ ಪೆಟ್ಟಿಗೆ ಎಲ್ಲವನ್ನೂ ದುರಗಪ್ಪನೇ ದಾಟಿಸಿದ. ಕೊನೆಯ ಸರದಿಗೆ ಮಾಸ್ತರ ಆಚೆ ದಂಡೆಯಲ್ಲಿ ಇಳಿದು ಧೋತರ ಹಿಂಡುತ್ತಿದ್ದರು. ಆಗ ಈಚೆ ದಂಡೆಯಿಂದ ದನಿ ಬಂತು.

“ಯಪ್ಪಾ, ರೊಟ್ಟಿ ಆರ್ತಾವು, ಬಾ.”

ಮಾಸ್ತರ ಬೆಚ್ಚಿಬಿದ್ದು ಹಿಂದೆ ನೋಡಿದರಂತೆ. ಹಿಂದೆ ಯಾರೂ ಇಲ್ಲ. ಮಾತಾಡಿದವಳು ಹೊಳೆಯಾಚೆ ಬೆರಳುದ್ದ ಕಾಣುತ್ತಿದ್ದಾಳೆ. ಮಾಸ್ತರ ಹಿಂಡಿದ ಧೋತರವನ್ನು ಮತ್ತೆ ಒದ್ದೆ ಮಾಡಿಕೊಂಡು ಅದೇ ಹರಗೋಲಿನಲ್ಲಿ ವಾಪಸು ಬಂದರು.

ಮಗಳನ್ನು ಕಂಪನಿಗೆ ಕಳಿಸು ಅಂತ ಅವರು ಕೇಳಿದಾಗ ಊರ ಹಿರಿಯರು ಉರಿದೆದ್ದರು. ಬಣ್ಣ ಹಚ್ಚಿದ ಹೆಣ್ಣಿಗೆ ಮದುವೆಯಿಲ್ಲ, ಮರ್ಯಾದೆಯಿಲ್ಲ ಅಂದರು. ಮಗಳನ್ನು ಕಳಿಸಿದರೆ ನಿನ್ನ ಹರಗೋಲು ಹತ್ತುವುದಿಲ್ಲ ಅಂತಲೂ ಅಂದರು. ದುರಗಪ್ಪ ಅರ್ಧ ಕೇಳಿಸಿಕೊಂಡ, ಅರ್ಧ ಬಿಟ್ಟ. ಆಮೇಲೆ ಮಗಳ ಕಡೆ ತಿರುಗಿದ.

“ನಿನಗ ಹೋಗೂದೈತೇನವ್ವಾ?”

“ಐತಿ,” ಅಂದಳು ಶಾವಂತ್ರೆವ್ವ.

“ಹಂಗಾರ ಹೋಗು. ಇವರು ಹರಗೋಲ ಹತ್ತಲಿಲ್ಲಂದ್ರ ಈಜಿ ದಾಟಲಿ.”

ಹೀಗೆ ಶಾವಂತ್ರೆವ್ವ ಕಂಪನಿ ಸೇರಿದಳು.

ಮೊದಲು ಮಾತು ಕಲಿತಳು, ಆಮೇಲೆ ಹಾಡು ಕಲಿತಳು, ಎಲ್ಲಕ್ಕಿಂತ ಕಷ್ಟಪಟ್ಟು ಸುಮ್ಮನೆ ನಿಲ್ಲುವುದನ್ನು ಕಲಿತಳು ಅಂತಾರೆ. ಬಣ್ಣ ಹಚ್ಚುವ ಹುಸೇನಸಾಬ ಅವಳಿಗೆ ಕಂಪನಿಯಲ್ಲಿ ದೊರೆತ ಎರಡನೇ ಅಪ್ಪ. ಅವಳ ಮುಖಕ್ಕೆ ಮೊದಲ ದಿನ ಬಣ್ಣ ಹಚ್ಚುವಾಗ ಅವನು ಬಿಸ್ಮಿಲ್ಲಾ ಅಂದ, ಅವಳು ಹೊಳೆಯವ್ವನನ್ನು ನೆನೆದಳು. ಅವತ್ತಿನಿಂದ ಬೇರೆ ಯಾರ ಕೈಯೂ ಅವಳ ಮುಖ ಮುಟ್ಟಲಿಲ್ಲ.

ಅವಳಿಗೆ ಹೆಸರು ತಂದದ್ದು ರಾಣಿಯ ಪಾತ್ರ. ರಾಜ ಸತ್ತ ಮೇಲೆ ಒಬ್ಬಳೇ ಕೋಟೆ ಕಾಯುವ ರಾಣಿಯ ನಾಟಕ ಅದು, ಮಾಸ್ತರರೇ ಬರೆದದ್ದು. ರಾಣಿ ಸೈನ್ಯವನ್ನು ಕೂಗಿ ಎಬ್ಬಿಸುವ ಮಾತು ಬಂದಾಗ, ಥೇಟರಿನ ಹೊರಗೆ ಬಂಡಿಗೆ ಕಟ್ಟಿದ ಎತ್ತುಗಳು ಮೆಲುಕು ನಿಲ್ಲಿಸಿ ಎದ್ದು ನಿಲ್ಲುತ್ತಿದ್ದವು ಅಂತಾರೆ. ಪೇಟೆಯ ಆಚೆ ಬದಿಯ ಅಂಗಡಿಕಾರ ತಕ್ಕಡಿ ಕೆಳಗಿಟ್ಟು, ‘ರಾಣಿ ಬಂದ್ಲು’ ಅಂತ ಬಾಗಿಲು ಹಾಕುತ್ತಿದ್ದ ಅಂತಾರೆ. ಹರಗೋಲು ಹತ್ತುವುದಿಲ್ಲ ಅಂದಿದ್ದ ಹಿರಿಯರೂ ಹತ್ತಿದರು, ನಾಟಕ ನೋಡಲು. ದುರಗಪ್ಪ ಅವರನ್ನು ದಾಟಿಸಿದನಂತೆ. ಆದರೆ ನಡುಹೊಳೆಯಲ್ಲಿ ಹರಗೋಲನ್ನು ಗಿರಗಿರನೆ ಎರಡು ಸುತ್ತು ತಿರುಗಿಸಿದನಂತೆ.

ಈ ಸುದ್ದಿ ಮದ್ರಾಸಿಗೆ ಮುಟ್ಟಿತು. ಸಿನಿಮಾ ತೆಗೆಯುವ ಶೇಷಗಿರಿರಾಯರು ಅನ್ನುವವರು ರೈಲು ಹತ್ತಿ ಬಂದು ಆಟ ನೋಡಿದರು. ಮುಗಿದ ಮೇಲೆ ಎದ್ದು ಬಂದು, ನಮ್ಮ ಚಿತ್ರದಲ್ಲಿ ಪಾತ್ರ ಮಾಡಬೇಕಮ್ಮಾ ಅಂತ ಕೇಳಿದರು. ಮಾಸ್ತರರ ಕಣ್ಣು ತುಂಬಿತು. ಆದರೂ ಹೋಗಿ ಬಾ ಅಂದರು. ಬೇಸಿಗೆಯಲ್ಲಿ ಪೇಟೆಯಲ್ಲಿ ಹೂಡುವ ಕ್ಯಾಂಪಿಗೆ ಮಾತ್ರ ನಮ್ಮ ರಾಣಿಯಾಗಿ ಬರಬೇಕು ಅಂತ ಮಾತು ತಗೊಂಡರು.

ಮದ್ರಾಸಿನಲ್ಲಿ ಮೊದಲ ದಿನ ಶಾವಂತ್ರೆವ್ವ ಬಾಯಿ ತೆರೆದದ್ದೇ ತಡ, ದನಿ ಹಿಡಿಯುವ ಯಂತ್ರದ ಮುಂದೆ ಕೂತಿದ್ದವನು ಕಿವಿಯ ಮೇಲಿನದನ್ನು ಕಿತ್ತೆಸೆದು ಹೊರಗೆ ಓಡಿದನಂತೆ. ಎಲ್ಲರೂ ನಕ್ಕರು. ಅವಳಿಗೆ ನಗು ಬರಲಿಲ್ಲ. ಯಾವ ದನಿಯನ್ನು ನಂಬಿ ಊರು ಬಿಟ್ಟು ಬಂದಿದ್ದಳೋ ಅದೇ ಇಲ್ಲಿ ಬೇಡವಾಗಿತ್ತು. ಮುಖ ಗೋಡೆಗೆ ತಿರುಗಿಸಿಕೊಂಡು ನಿಂತಳು. ರಾಯರು ಹತ್ತಿರ ಬಂದರು.

“ಅಮ್ಮಾ, ಅಲ್ಲಿ ಕೊನೇ ಸಾಲಿನವನಿಗೆ ಹೇಳ್ತಿದ್ರಿ. ಇಲ್ಲಿ ಆ ಕೊನೇ ಸಾಲಿನವನೇ ಬಂದು ನಿಮ್ಮ ಪಕ್ಕದಲ್ಲಿ ಕೂತಿದ್ದಾನೆ. ಅವನ ಕಿವಿಗೆ ಹೇಳಿ.”

ಕಿವಿ ಮಂದವಾದ ಅಪ್ಪನ ಹತ್ತಿರ ಅವಳು ಯಾವತ್ತೂ ಪಿಸುಮಾತು ಆಡಿದವಳಲ್ಲ. ಇಲ್ಲಿ ಮೊದಲ ಸಲ ಆಡಿದಳು. ಕಾಯಿಲೆ ಬಿದ್ದ ಹೆಂಡತಿ ಗಂಡನಿಗೆ ಕೊನೆಯ ಮಾತು ಹೇಳುವ ಸನ್ನಿವೇಶ ಅದು. ದೀಪ ಹಿಡಿದವರು, ಕ್ಯಾಮೆರಾ ಹಿಡಿದವರು ಎಲ್ಲ ಮುಂದಕ್ಕೆ ಬಾಗಿ ಕೇಳಿದರಂತೆ. ಓಡಿಹೋಗಿದ್ದವನು ಕಣ್ಣೊರೆಸಿಕೊಂಡು ಬಂದು ಕೈ ಮುಗಿದನಂತೆ.

ಆ ಚಿತ್ರ ಪೇಟೆಯ ಟೆಂಟಿಗೆ ಬಂದಾಗ ದುರಗಪ್ಪ ಬೆಳಗಿನಿಂದ ಊರವರನ್ನು ದಾಟಿಸಿ, ಕೊನೆಗೆ ತಾನೂ ಹೋಗಿ ನೆಲದ ಮೇಲೆ ಕೂತ. ಮಗಳ ಮುಖ ಗೋಡೆಯಷ್ಟು ದೊಡ್ಡದಾಗಿ ಕಂಡಿತು. ತುಟಿ ಅಲುಗಿತು. ಅವನಿಗೆ ಏನೂ ಕೇಳಲಿಲ್ಲ. ಆದರೆ ಅವಳು ಕಣ್ಣು ಮುಚ್ಚಿದ್ದು ಕಂಡಿತು. ಅವನು ತಟ್ಟನೆ ಎದ್ದು ನಿಂತು, “ಏ ಶಾವಂತ್ರೀ, ಏಳವ್ವಾ! ಮನಿಗೆ ಹೋಗೋಣು!” ಅಂದ. ಇಡೀ ಟೆಂಟಿನಲ್ಲಿ ಒಬ್ಬರೂ ನಗಲಿಲ್ಲ ಅಂತಾರೆ. ಪಕ್ಕದಲ್ಲಿದ್ದವರು ಅವನ ಕೈ ಹಿಡಿದು ಕೂರಿಸಿ, ಆಕಿ ಮದ್ರಾಸಿನ್ಯಾಗ ಆರಾಮ ಅದಾಳಪ್ಪಾ ಅಂತ ಕಿವಿಯಲ್ಲಿ ಕೂಗಿ ಹೇಳಬೇಕಾಯಿತು.

ಮಾತು ಕೊಟ್ಟಂತೆ ಶಾವಂತ್ರೆವ್ವ ಬೇಸಿಗೆಗೆ ಬಂದಳು. ಅಷ್ಟರಲ್ಲಿ ರಾಯರು ಮುಂದಿನ ಚಿತ್ರಕ್ಕೆ ಅವಳೇ ನಾಯಕಿ ಅಂತ ಸಾರಿಬಿಟ್ಟಿದ್ದರು. ಪೇಟೆಯ ಗೋಡೆಗಳ ಮೇಲೆಲ್ಲ ಅವಳ ಮುಖ.

ಆ ಕ್ಯಾಂಪಿನಲ್ಲಿ ಹೆಂಗಸರಿಗೆಂದೇ ಒಂದು ಹಗಲಿನ ಆಟ ಇಟ್ಟಿದ್ದರು. ಗಂಡಸರನ್ನು ಒಳಗೆ ಬಿಡುವ ಹಾಗಿಲ್ಲ. ಸುತ್ತಲಿನ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು, ಕೂಸುಗಳನ್ನು ಎತ್ತಿಕೊಂಡು ಹೆಂಗಸರು ಬಂದರು. ತಗಡು, ತಟ್ಟಿಗಳ ಥೇಟರು ಕಿಕ್ಕಿರಿಯಿತು.

ಥೇಟರಿನ ಹಿಂಬದಿಯಲ್ಲಿ ಕಂಪನಿಯ ಅಡುಗೆ ಒಲೆ ಉರಿಯುತ್ತಿತ್ತು. ಸುಂಟರಗಾಳಿ ಎದ್ದು ಒಲೆಯ ಕೆಂಡವನ್ನು ಹಾರಿಸಿ ತಟ್ಟಿಗೆ ಹಾಕಿತು. ತಟ್ಟಿಯಿಂದ ಹಿಂದಿನ ಪರದೆಗೆ ಹತ್ತಿತು. ರಂಗದ ಮೇಲೆ ಸಿಂಹಾಸನದಲ್ಲಿ ಕೂತಿದ್ದ ಶಾವಂತ್ರೆವ್ವನಿಗೆ ಮೊದಲು ಬೆನ್ನಿಗೆ ಕಾವು ತಾಗಿತು, ಆಮೇಲೆ ವಾಸನೆ ಬಂತು. ಹೆಂಗಸರಿಗೆ ಇನ್ನೂ ಏನೂ ಕಂಡಿರಲಿಲ್ಲ. ಬಾಗಿಲು ಒಂದೇ, ಅದೂ ಇಕ್ಕಟ್ಟು. ‘ಬೆಂಕಿ’ ಅಂತ ಒಬ್ಬರು ಕೂಗಿದರೂ ಸಾಕು, ಉರಿಗಿಂತ ಮೊದಲು ತುಳಿತಕ್ಕೆ ಕೂಸುಗಳು ಸಾಯುತ್ತವೆ. ಅವಳ ಎದೆ ನಡುಗಿತು ಅಂತಾರೆ. ದನಿ ನಡುಗಲಿಲ್ಲ.

ಅವಳು ಸಿಂಹಾಸನದಿಂದ ಎದ್ದಳು. ನಾಟಕದಲ್ಲಿ ಇಲ್ಲದ ಮಾತು ಆಡಿದಳು.

“ನನ್ನ ಕೋಟೆಯ ಹೆಣ್ಣುಮಕ್ಕಳೇ! ವೈರಿ ಹಿಂದಿನ ಗೋಡೆ ಏರಿದ್ದಾನೆ. ಯುದ್ಧ ನನಗಿರಲಿ. ಕೂಸುಗಳನ್ನು ಕಂಕುಳಿಗೆ ಏರಿಸಿಕೊಳ್ಳಿ. ಬಾಗಿಲ ಬಳಿಯವರು ಮೊದಲು ನಡೆಯಿರಿ, ಅವರ ಹಿಂದೆ ಸಾಲು ಸಾಲಾಗಿ ಉಳಿದವರು. ಓಡಿದವಳು ನನ್ನ ಮಗಳಲ್ಲ. ರಾಣಿಯ ಮಕ್ಕಳ ಹಾಗೆ ತಲೆಯೆತ್ತಿ ನಡೆಯಿರಿ!”

ಹೆಂಗಸರು ಎದ್ದು ನಿಂತರು. ಇದೂ ನಾಟಕದ ಒಂದು ಭಾಗ ಅಂದುಕೊಂಡರು. ಕೂಸುಗಳನ್ನು ಎತ್ತಿಕೊಂಡರು, ಸೆರಗು ಬಿಗಿದರು, ಸೈನ್ಯದ ಹಾಗೆ ಸಾಲು ಹಿಡಿದು ನಡೆದರು. ಪೇಟಿ ಮಾಸ್ತರನಿಗೆ ಅವಳು ಕಣ್ಣಲ್ಲೇ ಹೇಳಿದಳು, ಅವನು ಬೆವರು ಸುರಿಸುತ್ತ ಹಾರ್ಮೋನಿಯಂ ನುಡಿಸುತ್ತಲೇ ಇದ್ದ. ಹಿಂದೆ ಪರದೆಯ ಮೇಲಿನ ಅರಮನೆ ಉರಿಯುತ್ತಿದ್ದಾಗ ಮುಂದೆ ನಿಂತ ರಾಣಿ ಒಂದೊಂದೇ ಸಾಲನ್ನು ಕರೆದು, ಹೊಗಳಿ, ಕಳಿಸಿಕೊಡುತ್ತಿದ್ದಳು. ಹೊಗೆ ಕಂಡವರೂ ಅವಳ ಮುಖ ನೋಡಿ ಧೈರ್ಯ ತಂದುಕೊಂಡರು ಅಂತಾರೆ.

ಕೊನೆಗೆ ಒಬ್ಬ ಮುದುಕಿ ಮಾತ್ರ ಕೂತೇ ಇದ್ದಳು.

“ಏಳಬೇ ಯಮ್ಮಾ,” ಅಂದಳು ರಾಣಿ.

“ಇರು ತಂಗಿ. ಅಷ್ಟು ದೂರದಿಂದ ಬಂದೀನಿ. ಮುಂದೇನಾಕ್ಕೈತಿ ನೋಡೇ ಹೋಗ್ತೀನಿ.”

ಶಾವಂತ್ರೆವ್ವ ರಂಗದಿಂದ ಜಿಗಿದು ಮುದುಕಿಯನ್ನು ಹೆಗಲಿಗೆ ಹಾಕಿಕೊಂಡಳು. ಬಾಗಿಲು ಇನ್ನು ಎರಡು ಮಾರು ಇರುವಾಗ ಉರಿಯುವ ಬಿದಿರು ಮೇಲಿಂದ ಬಿತ್ತು. ಮುದುಕಿಗೆ ತಾಗದಂತೆ ಅವಳು ಮುಖ ಅಡ್ಡ ಕೊಟ್ಟಳು.

ಅವತ್ತು ಒಂದು ಕೂಸೂ ಸಾಯಲಿಲ್ಲ. ಹೊರಗೆ ಬಯಲಿನಲ್ಲಿ ಸಾಲಾಗಿ ನಿಂತಿದ್ದ ಹೆಂಗಸರು ಹಿಂದೆ ತಿರುಗಿ ನೋಡಿದಾಗಲೇ ಅವರಿಗೆ ನಾಟಕ ಯಾವುದು, ನಿಜ ಯಾವುದು ಅಂತ ತಿಳಿದದ್ದು.

ಶಾವಂತ್ರೆವ್ವನ ಎಡಗೆನ್ನೆ, ಕತ್ತಿನ ಎಡಬದಿ ಸುಟ್ಟುಹೋಗಿದ್ದವು. ತಿಂಗಳುಗಟ್ಟಲೆ ಅಪ್ಪನ ಗುಡಿಸಲಿನಲ್ಲಿ ಮಲಗಿದಳು. ಮದ್ರಾಸಿನಿಂದ ರಾಯರು ಓಡಿ ಬಂದರು. ಅವಳನ್ನು ನೋಡಿದರು. ನಾಯಕಿಯ ಪಾತ್ರಕ್ಕೆ ಬೇರೆಯವರನ್ನು ಹುಡುಕಿಕೊಳ್ಳಿ ಅಂತ ಅವಳೇ ಹೇಳಿ ಕಳಿಸಿದಳು. ಅವರು ಹೋಗುವವರೆಗೆ ನೆಟ್ಟಗೆ ಕೂತಿದ್ದಳು. ಹೋದ ಮೇಲೆ ಗೋಡೆಯ ಕನ್ನಡಿ ತೆಗೆಸಿದಳು. ಪೇಟೆಯ ಗೋಡೆಗಳ ಮೇಲಿನ ತನ್ನದೇ ಚಿತ್ರಗಳು ಕಣ್ಣಿಗೆ ಬೀಳುತ್ತವೆ ಅಂತ ಅತ್ತ ಹೋಗುವುದನ್ನೂ ಬಿಟ್ಟಳು. ಹೊಳೆಯ ದಂಡೆಯಲ್ಲಿ ಕೂತರೂ ಬಾಯಿ ತೆರೆಯುತ್ತಿರಲಿಲ್ಲ. ದುರಗಪ್ಪ ಆಚೆ ದಂಡೆಯಿಂದ ತಿರುತಿರುಗಿ ನೋಡುತ್ತಿದ್ದ, ಮಗಳು ಕರೆಯಲಿ ಅಂತ.

ಕಂಪನಿಯೂ ಮುಳುಗಿತ್ತು. ಪರದೆಗಳೆಲ್ಲ ಬೂದಿ. ಪರದೆಯಿಲ್ಲದ ಕಂಪನಿ ಅಂದರೆ ಏನು? ಕಳಕಪ್ಪ ಮಾಸ್ತರ ನಟರನ್ನು ಮನೆಗೆ ಕಳಿಸಲು ಸಿದ್ಧರಾದರು.

ಆಗ ಒಂದು ದಿನ ಹೊಳೆನಾಗೂರಿನ ದಾರಿಯಲ್ಲಿ ಬಂಡಿಗಳು ಕಂಡವು. ಅವತ್ತು ಥೇಟರಿನಲ್ಲಿದ್ದ ಹೆಂಗಸರು ಬರುತ್ತಿದ್ದರು. ಒಬ್ಬೊಬ್ಬಳ ಕೈಯಲ್ಲೂ ಒಂದೊಂದು ಸೀರೆ. ಕೆಲವರು ಮದುವೆಯ ಇಳಕಲ್ ಸೀರೆಯನ್ನೇ ತಂದಿದ್ದರು, ಕೆಲವರು ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ ತಂದಿದ್ದರು. ದುರಗಪ್ಪನ ಅಂಗಳದಲ್ಲಿ ಸೀರೆಗಳ ರಾಶಿ ಬಿತ್ತು. ಅಲ್ಲೇ ಕೂತು ಸೂಜಿ ದಾರ ತೆಗೆದು ಅಂಚಿಗೆ ಅಂಚು ಸೇರಿಸಿ ಹೊಲಿದರು. ಒಂದು ದೊಡ್ಡ ಪರದೆಯಾಯಿತು. ಕೆಂಪು, ಹಸಿರು, ಕಪ್ಪು, ಎಲ್ಲ ಬಣ್ಣವೂ ಇದ್ದ ಅಂಥ ಪರದೆ ಯಾವ ರಾಜನ ಕಂಪನಿಯಲ್ಲೂ ಇರಲಿಲ್ಲ ಅಂತಾರೆ.

ಹೆಗಲ ಮೇಲೆ ಬಂದಿದ್ದ ಆ ಮುದುಕಿಯೂ ಅವರ ಜೊತೆಗಿದ್ದಳು. ಶಾವಂತ್ರೆವ್ವನ ಮುಂದೆ ಕೂತು, ಸುಟ್ಟ ಕೆನ್ನೆಯನ್ನು ಅಂಗೈಯಿಂದ ಮುಟ್ಟಿದಳು.

“ಅರ್ಧ ಆಟ ತೋರಿಸಿ ಕಳಿಸೀದಿ. ಉಳಿದದ್ದು ಯಾವಾಗ?”

ಶಾವಂತ್ರೆವ್ವ ಬೆಂಕಿಯ ದಿನದಿಂದ ಅತ್ತಿರಲಿಲ್ಲ. ಆಗ ಅತ್ತಳು. ಅತ್ತು ಮುಗಿದ ಮೇಲೆ ದಂಡೆಗೆ ಹೋಗಿ, “ಯಪ್ಪಾ, ಹರಗೋಲ ತಾ. ಥೇಟರಿಗೆ ಹೋಗೂದೈತಿ,” ಅಂತ ಕರೆದಳು. ದುರಗಪ್ಪ ಅವತ್ತು ಹುಟ್ಟು ಹಾಕಿದ ರಭಸಕ್ಕೆ ಹೊಳೆ ನೀರು ಎರಡು ಭಾಗವಾಯಿತು ಅಂತಾರೆ.

ಪೇಟೆಯಲ್ಲಿ ಹೊಸದಾಗಿ ತಟ್ಟಿ ಕಟ್ಟಿ ಥೇಟರು ಎಬ್ಬಿಸಿದರು. ಬಣ್ಣ ಹಚ್ಚಲು ಕೂತಾಗ ಹುಸೇನಸಾಬನ ಕೈ ಎಡಗೆನ್ನೆಯ ಹತ್ತಿರ ನಿಂತಿತು.

“ಮುಚ್ಚಲೇನು ಮಗಳಾ? ನನ್ನ ಕೈಲಿ ಆಕ್ಕೈತಿ. ಯಾರಿಗೂ ತಿಳಿಯಾಂಗಿಲ್ಲ.”

ಅವಳು ಕನ್ನಡಿ ತರಿಸಿದಳು. ಬಹಳ ಹೊತ್ತು ನೋಡಿಕೊಂಡಳು.

“ಬ್ಯಾಡ ಕಾಕಾ. ಯುದ್ಧ ಮಾಡಿ ಬಂದ ರಾಣಿಗೆ ಇದು ಒಪ್ಪತೈತಿ.”

ಸೀರೆಯ ಪರದೆ ಮೇಲೆದ್ದಿತು. ರಾಣಿ ಬೆಳಕಿಗೆ ಬಂದಳು. ಆಮೇಲೆ ಹೆಂಗಸರ ಸಾಲಿನಲ್ಲಿ ಒಬ್ಬಳು ಎದ್ದಳು, ಪಕ್ಕದವಳು ಎದ್ದಳು, ಎಲ್ಲರೂ ಎದ್ದು ಕೂಸುಗಳನ್ನು ಕಂಕುಳಿಗೆ ಏರಿಸಿಕೊಂಡು ತಲೆಯೆತ್ತಿ ನಿಂತರು. ಶಾವಂತ್ರೆವ್ವ ಅವರನ್ನು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡಿದಳು. ಕೂತುಕೊಳ್ಳಿ ಅಂತ ಕೈ ಸನ್ನೆ ಮಾಡಿ, ತನ್ನ ಮಾತು ಶುರು ಮಾಡಿದಳು.

ಆ ಆಟವನ್ನು ಶೇಷಗಿರಿರಾಯರು ಹಿಂದಿನ ಸಾಲಿನಲ್ಲಿ ಕೂತು ನೋಡಿದರಂತೆ. ಮದ್ರಾಸಿಗೆ ಹೋಗಿ, ಈ ಮುಖ ಇದ್ದ ಹಾಗೇ ಬೇಕು ಅಂತ ಹೊಸ ಚಿತ್ರ ಬರೆಸಿದರು. ಅಲ್ಲಿಂದ ಮುಂದೆ ಅವಳು ಎಷ್ಟೋ ಚಿತ್ರಗಳಲ್ಲಿ ಪಾತ್ರ ಮಾಡಿದಳು. ತಾಯಿಯಾದಳು, ಡಕಾಯಿತಳಾದಳು, ದೇವಿಯೂ ಆದಳು. ಎಲ್ಲದರಲ್ಲೂ ಆ ಎಡಗೆನ್ನೆ ಹಾಗೇ ಇತ್ತು. ಚಿತ್ರ ನೋಡಿ ಬಂದ ಹಳ್ಳಿಯ ಹೆಂಗಸರು, ‘ನಮ್ಮ ಮಕ್ಕಳ ಸಲುವಾಗಿ ಸುಟ್ಟುಕೊಂಡದ್ದು ಅದು’ ಅಂತ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಬೇಸಿಗೆ ಬಂದರೆ ಮಾತ್ರ ಮದ್ರಾಸಿನವರು ಎಷ್ಟು ಕರೆದರೂ ಅವಳು ನಿಲ್ಲುತ್ತಿರಲಿಲ್ಲ. ಮುಪ್ಪಿನಲ್ಲಿ ಹಲ್ಲು ಬಿದ್ದ ಮೇಲೂ ಒಂದು ಬೇಸಿಗೆ ರಾಣಿಯಾಗಿ ನಿಂತು, ಅದೇ ವರ್ಷ ಹೊಳೆನಾಗೂರಿನಲ್ಲಿ ಕಣ್ಣು ಮುಚ್ಚಿದಳು.

ಈಗ ಹೊಳೆಗೆ ಸೇತುವೆಯಾಗಿದೆ, ಹರಗೋಲು ಇಲ್ಲ. ಆದರೂ ಆ ಸೀಮೆಗೆ ಯಾವ ನಾಟಕದ ಕಂಪನಿ ಬಂದರೂ ಹೆಂಗಸರಿಗೆ ಒಂದು ಹಗಲಿನ ಆಟ ಆಡಲೇಬೇಕು. ಹೋಗುವಾಗ ಮನೆಗೊಬ್ಬಳು ಒಂದು ಸೀರೆ ಒಯ್ದು ರಂಗದ ಮುಂದಿನ ಹಗ್ಗಕ್ಕೆ ಹಾಕುತ್ತಾಳೆ, ಆಟ ಮುಗಿದ ಮೇಲೆ ತಂದು ಮನೆಯ ಹೆಣ್ಣುಮಗಳಿಗೆ ಉಡಿಸುತ್ತಾಳೆ. ನಾಯಕಿ ಬೆಳಕಿಗೆ ಬಂದ ಕೂಡಲೇ ಎಲ್ಲರೂ ಕೂಸುಗಳನ್ನು ಎತ್ತಿಕೊಂಡು ಎದ್ದು ನಿಲ್ಲುತ್ತಾರೆ. ಬೇರೆ ಸೀಮೆಯಿಂದ ಹೊಸದಾಗಿ ಬಂದ ಹುಡುಗಿಯಾದರೆ, ಇದೇನಾಯಿತು ಅಂತ ಗಾಬರಿಬಿದ್ದು ಮಾತು ಮರೆಯುವುದುಂಟು. ಆಗ ಮುಂದಿನ ಸಾಲಿನ ಯಾರಾದರೊಬ್ಬ ಮುದುಕಿ ಹೇಳುತ್ತಾಳೆ:

“ಹೆದರಬ್ಯಾಡ ತಂಗಿ. ಇದು ನಮ್ಮ ಶಾವಂತ್ರೆವ್ವಗ. ನೀ ಶುರು ಮಾಡು.”

ಆಮೇಲೆ ಎಲ್ಲರೂ ಕೂರುತ್ತಾರೆ, ಆಟ ಶುರುವಾಗುತ್ತದೆ.