'ಸಿಂಗ್' ಬಲ್ಲ ಮೇಷ್ಟ್ರಿಗೆ ಮೊದಲ ಎಲೆ

"ಹಾಡೋದು ಯಾರಿಗೆ ಬರೋದಿಲ್ಲ ಮಹಾಪ್ರಭು? ಕಾಗೆಗೂ ಬರುತ್ತೆ. 'ಸಿಂಗ್' ಅನ್ನೋ ಇಂಗ್ಲಿಷ್ ಮಾತಿನ ಅರ್ಥ, ಪ್ರಯೋಗ ಎಲ್ಲ ಬಲ್ಲವನು ಈ ಸಂಸ್ಥಾನದಲ್ಲಿ ನಾನೊಬ್ಬನೇ!"

ಹೀಗೆ ಎದೆ ತಟ್ಟಿಕೊಂಡವರು ಬಿಳಿಗಲ್ಲು ಅರಮನೆಯ ಇಂಗ್ಲಿಷ್ ಮೇಷ್ಟ್ರು ಪದ್ಮನಾಭಯ್ಯ. ದೊರೆ ವೀರಮಲ್ಲನಾಯಕನಿಗೆ ಆಗಷ್ಟೇ ಇಂಗ್ಲಿಷಿನ ಹುಚ್ಚು ಹತ್ತಿತ್ತು. ಮೇಷ್ಟ್ರು ಕೆಮ್ಮಿದರೂ ವೇದವಾಕ್ಯ.

"ನಾಳೆ ಯುವರಾಜರ ತೊಟ್ಟಿಲ ಶಾಸ್ತ್ರ. ಜೋಗುಳ ಹಾಡೋ ದೇವೀರಮ್ಮನನ್ನ 'ಸಿಂಗ್' ಅಂದ್ರೇನು ಅಂತ ಕೇಳಿದೆ. 'ಅದ್ಯಾವೂರ ಸೊಪ್ಪಪ್ಪಾ?' ಅಂದಳು! ಇಂಥವಳಿಗೆ ಅರಮನೆ ಗಾಯಕಿಯ ಪಟ್ಟ, ಪಂಕ್ತಿಯಲ್ಲಿ ಮೊದಲ ಎಲೆ! ಎರಡೂ ಬಲ್ಲವರಿಗೆ ಸಲ್ಲಬೇಕು."

"ಸರಿ, ನಿಮಗೇ ಸಲ್ಲಲಿ" ಎಂದುಬಿಟ್ಟ ದೊರೆ.

ಪಕ್ಕದಲ್ಲೇ ಇದ್ದ ಆಸ್ಥಾನದ ವಿದೂಷಕ ಸೂರಪ್ಪಯ್ಯನಿಗೆ ಮೈ ಉರಿಯಿತು. ಈ ದೊರೆಯೇ ದೇವೀರಮ್ಮನ ಜೋಗುಳ ಕೇಳಿ ಮಲಗಿದ ಕೂಸು. ಆ ಮುದುಕಿಗೆ ಅರಮನೆಯ ಅಕ್ಕಿ ಬಿಟ್ಟರೆ ಬೇರೆ ಗತಿಯಿಲ್ಲ. ನಾಲ್ಕು ಮಾತು ಬಾಯಿಪಾಠ ಮಾಡಿದವನು ಅವಳ ಅನ್ನಕ್ಕೆ ಕಲ್ಲು ಹಾಕುವುದೇ? ಆದರೂ ನಗುತ್ತಲೇ ಕೈಮುಗಿದ.

"ಒಳ್ಳೆ ಅಪ್ಪಣೆ ಪ್ರಭು. ಪದ್ಧತಿ ಮಾತ್ರ ತಪ್ಪದಿರಲಿ. ತೊಟ್ಟಿಲ ಮುಂದೆ ನಿಂತವರೇ ಮಗುವನ್ನ ಮಲಗಿಸಬೇಕು. ಅದು ಮಲಗೋ ತನಕ ಯಾರೂ ಅನ್ನ ಮುಟ್ಟೋ ಹಾಗಿಲ್ಲ."

"ಅದೆಷ್ಟರ ಮಾತು!" ಎಂದರು ಮೇಷ್ಟ್ರು.

ಮರುದಿನ ಎಲೆ ಹಾಕಿದ್ದಾಯಿತು. ಹೋಳಿಗೆ ತುಪ್ಪದ ಘಮ ಎಲ್ಲರ ಮೂಗಿಗೆ ಬಡಿಯಿತು. ಮೇಷ್ಟ್ರು ತೊಟ್ಟಿಲ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಸಿಂಗ್ ಎಂದರೆ ಹಾಡು. ಹಕ್ಕಿ ಉಲಿದರೂ ಸಿಂಗ್. ಕುದಿಯೋ ನೀರು ಸುಯ್ಯೆಂದರೂ ಸಿಂಗ್. ಕಳ್ಳ ಪೊಲೀಸರ ಮುಂದೆ ಬಾಯಿಬಿಟ್ಟರೂ ಸಿಂಗ್. ನಿನ್ನೆ ಹಾಡಿದ್ದರೆ ಸ್ಯಾಂಗ್..."

ಮಗು ಕಿಟಾರನೆ ಕಿರುಚಿತು.

"ಹಾಡಿ ಮುಗಿದಿದ್ದರೆ ಸಂಗ್!" ಎಂದು ಮೇಷ್ಟ್ರು ಇನ್ನೂ ಜೋರು ಮಾಡಿದರು. ಮಗು ಅವರಿಗಿಂತ ಜೋರು ಮಾಡಿತು.

"ಈ ಮಗುವಿಗೆ ವ್ಯಾಕರಣ ಹಿಡಿಸೋದಿಲ್ಲ ಪ್ರಭು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಹೊತ್ತು ನೆತ್ತಿಗೇರಿತು, ಪಾಯಸ ಆರಿ ಕೆನೆಗಟ್ಟಿತು. ದೊರೆಯ ಹೊಟ್ಟೆ ತಾಳ ಹಾಕತೊಡಗಿತು.

"ಅರ್ಥ ಸಾಕು, ಹಾಡ್ರೀ!"

"ಹಾಡೋಕೆ... ನನಗೆ ಬರೋದಿಲ್ಲ ಪ್ರಭು."

"ದೇವೀರಮ್ಮನನ್ನ ಕರೀರೋ!"

ಮುದುಕಿ ಬಂದು ತೊಟ್ಟಿಲ ಹಗ್ಗ ಹಿಡಿದು ಮೆಲುದನಿ ತೆಗೆದಳು. ಜೋಗುಳ ಎರಡನೇ ಸಾಲಿಗೆ ಬರುವಷ್ಟರಲ್ಲಿ ಮಗು ಕಣ್ಣು ಮುಚ್ಚಿತ್ತು.

ದೊರೆ ಮೇಷ್ಟ್ರತ್ತ ಕಣ್ಣು ಕೆಂಪಗೆ ಮಾಡಿದ. ಸೂರಪ್ಪಯ್ಯ ನಡುವೆ ಬಂದ.

"ಕೋಪ ಬೇಡಿ ಪ್ರಭು. ಕೊಟ್ಟ ಮಾತು ತಪ್ಪಬಾರದು. ಮೊದಲ ಎಲೆ ಮೇಷ್ಟ್ರದ್ದೇ. ನಾನೇ ಬಡಿಸ್ತೇನೆ."

ಮಾನ ಹೋದರೂ ಹೋಳಿಗೆ ಉಳಿಯಿತಲ್ಲ ಎಂದು ಮೇಷ್ಟ್ರು ಓಡಿಬಂದು ಕೂತರು. ಸೂರಪ್ಪಯ್ಯ ಬರಿಗೈಯಲ್ಲಿ ಎದುರು ನಿಂತ.

"ಹೋಳಿಗೆ ಎಂದರೆ ಕಣಕದೊಳಗೆ ಹೂರಣ. ತುಪ್ಪ ಹಾಕಿಯೂ ತಿನ್ನಬಹುದು, ಹಾಲು ಹಾಕಿಯೂ ತಿನ್ನಬಹುದು. ನಿನ್ನೆಯಾದರೆ ತಿಂದಿರಿ, ನಾಳೆಯಾದರೆ ತಿನ್ನುವಿರಿ..."

"ಅರ್ಥ ಯಾರಿಗೆ ಬೇಕಯ್ಯಾ? ಬಡಿಸು!"

"ಬಡಿಸಿದ್ದಾಯ್ತಲ್ಲ ಸ್ವಾಮಿ! ಮಗುವಿಗೆ ನೀವು ಹಾಡು ಬಡಿಸಿದ ಸೌಟಿನಲ್ಲೇ ಬಡಿಸಿದ್ದೇನೆ."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಹೆಗಲ ಶಾಲು ತೆಗೆದು ಸೂರಪ್ಪಯ್ಯನಿಗೆ ಹೊದಿಸಿದ. "ಮೇಷ್ಟ್ರೇ, ಏಳಿ. ಆ ಪಟ್ಟ, ಆ ಎಲೆ ಎರಡೂ ಅಜ್ಜಿಯದು, ಅವಳಿರುವ ತನಕ!" ಎಂದು ಮತ್ತೆ ಗಹಗಹಿಸಿದ.

ದೇವೀರಮ್ಮ ತೊಟ್ಟಿಲ ಕಡೆ ನೋಡಿ ಗದರಿದಳು:

"ಮೆಲ್ಲಗೆ ನಗು ನನ್ನಪ್ಪಾ. ಕೂಸು ಎದ್ದರೆ ಮತ್ತೆ ಮೇಷ್ಟ್ರನ್ನೇ ನಿಲ್ಲಿಸ್ತೀನಿ, ನೋಡು!"